ಡಾಕ್ಟರು, ನರ್ಸ್ ಗಡಿ ದಾಟಿದರು. ರೋಗಿಯ ಸುರಕ್ಷತೆ ಯಾಕೆ ಹಿಂದೆ ಉಳಿಯಿತು?

2008ರ ಫೆಬ್ರವರಿ 16, ಶನಿವಾರ. ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್‌ನ ಒಂದು ಮನೆಯಿಂದ ತುರ್ತು ವೈದ್ಯಸೇವೆಗೆ ಕರೆ ಹೋಯಿತು. ಮೂತ್ರಪಿಂಡದ ಕಲ್ಲಿನ ನೋವಿನಿಂದ ಒದ್ದಾಡುತ್ತಿದ್ದವರಿಗೆ 70 ವರ್ಷ. ಬಂದ ವೈದ್ಯರು ವಾರಾಂತ್ಯದ ಡ್ಯೂಟಿಗೆಂದು ಜರ್ಮನಿಯಿಂದ ವಿಮಾನ ಹತ್ತಿ ಬಂದವರು, ಬ್ರಿಟನ್ನಿನಲ್ಲಿ ಅವರದು ಅದೇ ಮೊದಲ ಪಾಳಿ. ಕೊಟ್ಟಿದ್ದ ಔಷಧದ ಚೀಲದಿಂದ ಡೈಯಾಮಾರ್ಫಿನ್ ಎಂಬ ಮಾರ್ಫಿನ್ ಜಾತಿಯ ತೀವ್ರ ನೋವುನಿವಾರಕ ತೆಗೆದು 100 ಮಿಲಿಗ್ರಾಂ ಚುಚ್ಚಿದರು. ಕೊಡಬೇಕಿದ್ದದ್ದರ ಸುಮಾರು ಹತ್ತು ಪಟ್ಟು. ರೋಗಿ ಉಳಿಯಲಿಲ್ಲ.

ಆಮೇಲೆ ನಡೆದ ವಿಚಾರಣೆಯಲ್ಲಿ ಒಂದೊಂದೇ ಸಂಗತಿ ಹೊರಬಂತು. ವೈದ್ಯರಿಗೆ ಆ ಔಷಧದ ಬಳಕೆಯೇ ಇರಲಿಲ್ಲ, ಅವರ ದೇಶದಲ್ಲಿ ಮನೆಗೆ ಹೋಗಿ ಚಿಕಿತ್ಸೆ ಕೊಡುವ ವೈದ್ಯರು ಅದನ್ನು ಮುಟ್ಟುವುದಿಲ್ಲ. ನಿದ್ದೆ ಸಾಲದಾಗಿತ್ತು. ಇಂಗ್ಲಿಷ್ ಸಾಲದು ಎಂಬ ಕಾರಣಕ್ಕೆ ಬ್ರಿಟನ್ನಿನ ಒಂದು ಪ್ರಾಂತ್ಯದ ಆರೋಗ್ಯ ಆಡಳಿತ ಅವರನ್ನು ಸೇರಿಸಿಕೊಂಡಿರಲಿಲ್ಲ, ಇನ್ನೊಂದು ಪ್ರಾಂತ್ಯದವರು ಸೇರಿಸಿಕೊಂಡರು. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಾಗಲಿಲ್ಲ. ಇನ್ನೊಂದು ಸಂಗತಿಯ ಬಗ್ಗೆ ಚರ್ಚೆಯಾದದ್ದು ಕಡಿಮೆ, ಆದರೆ ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ಹೆಚ್ಚು ಪ್ರಮಾಣದ ಮಾರ್ಫಿನ್, ಡೈಯಾಮಾರ್ಫಿನ್ ಆಂಪೂಲ್‌ಗಳನ್ನು (ಔಷಧದ ಚಿಕ್ಕ ಗಾಜಿನ ಸೀಸೆ) ಕಡಿಮೆ ಪ್ರಮಾಣದವುಗಳ ಜೊತೆ ಇಡಬೇಡಿ, ಹಿಂದೆ ಸಾವುಗಳಾಗಿವೆ ಎಂದು ಇಂಗ್ಲೆಂಡಿನ ರೋಗಿ ಸುರಕ್ಷತಾ ಸಂಸ್ಥೆ 2006ರ ಮೇ ತಿಂಗಳಲ್ಲೇ ಎಚ್ಚರಿಕೆ ಹೊರಡಿಸಿತ್ತು. ಹೆಚ್ಚುಕಡಿಮೆ ಎರಡು ವರ್ಷವಾದರೂ ದೊಡ್ಡ ಡೋಸಿನ ಆಂಪೂಲ್ ಆ ಚೀಲದಲ್ಲಿತ್ತು.

2010ರಲ್ಲಿ ಸಾವಿನ ವಿಚಾರಣಾಧಿಕಾರಿ ಇದನ್ನು ಘೋರ ನಿರ್ಲಕ್ಷ್ಯದ ಸಾವು ಎಂದು ತೀರ್ಮಾನಿಸಿದರು. ಅಷ್ಟರಲ್ಲಿ ಜರ್ಮನಿಯ ನ್ಯಾಯಾಲಯ ತನ್ನಲ್ಲೇ ಪ್ರಕರಣ ಮುಗಿಸಿ ಅಮಾನತಿನಲ್ಲಿಟ್ಟ ಶಿಕ್ಷೆ ಕೊಟ್ಟಾಗಿತ್ತು, ಹಾಗಾಗಿ ಬ್ರಿಟನ್ನಿನಲ್ಲಿ ಮತ್ತೆ ಮೊಕದ್ದಮೆ ಹೂಡುವ ದಾರಿ ಮುಚ್ಚಿತು. ಪತ್ರಿಕೆಗಳಲ್ಲಿ ಗದ್ದಲವಾದದ್ದು ವೈದ್ಯರ ಭಾಷೆ ಮತ್ತು ಮೂಲದ ಬಗ್ಗೆ. ಚೀಲದ ಬಗ್ಗೆ ಕೇಳಿದವರು ಕಡಿಮೆ.

ಯುರೋಪಿನ ದೇಶಗಳು ವೈದ್ಯಕೀಯ ತರಬೇತಿ, ಗುಣಮಟ್ಟ, ರೋಗಿ ಸುರಕ್ಷತೆಯ ವಿಷಯದಲ್ಲಿ ಒಟ್ಟಾಗಿ ಎಷ್ಟು ದೂರ ಬಂದಿವೆ, ಎಲ್ಲಿ ನಿಂತಿವೆ ಎಂದು ನೋಡಲು ಈ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ವೈದ್ಯರು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಅಲ್ಲಿ ಗಟ್ಟಿ ಕಾನೂನಿದೆ. ಒಂದು ಆಸ್ಪತ್ರೆ ತಪ್ಪಿನಿಂದ ಕಲಿತದ್ದು ಇನ್ನೊಂದಕ್ಕೆ ಹೋಗುವುದಕ್ಕೆ ಇರುವುದು ಶಿಫಾರಸು, ಯೋಜನೆ, ಸದಾಶಯ ಮಾತ್ರ.

ಗಂಟೆ ಲೆಕ್ಕದ ಒಪ್ಪಂದ

ಕತೆ ಆರಂಭವಾದದ್ದು 1970ರ ದಶಕದಲ್ಲಿ. ಸರಕಿನಂತೆ ಜನರೂ ಗಡಿ ದಾಟಿ ದುಡಿಯುವಂತಾಗಬೇಕು ಎಂಬುದು ಆಗಿನ ಯುರೋಪಿಯನ್ ಆರ್ಥಿಕ ಸಮುದಾಯದ, ಅಂದರೆ ಇಂದಿನ ಯುರೋಪಿಯನ್ ಒಕ್ಕೂಟದ, ಮೂಲ ಆಶಯ. ಆದರೆ ಇಟಲಿಯ ಎಂಜಿನಿಯರ್ ಬೆಲ್ಜಿಯಂನಲ್ಲಿ ಸೇತುವೆ ಕಟ್ಟುವುದು ಬೇರೆ, ಇಟಲಿಯ ವೈದ್ಯ ಬೆಲ್ಜಿಯಂನಲ್ಲಿ ಹೊಟ್ಟೆ ಕೊಯ್ಯುವುದು ಬೇರೆ. ಪದವಿ ಒಂದೇ ಮಟ್ಟದ್ದೆಂದು ನಂಬುವುದು ಹೇಗೆ? ವೈದ್ಯರಿಗಾಗಿ 1975ರಲ್ಲಿ, ನರ್ಸ್‌ಗಳಿಗಾಗಿ 1977ರಲ್ಲಿ ನಿರ್ದೇಶನಗಳು, ಅಂದರೆ ಸದಸ್ಯ ದೇಶಗಳು ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಲೇಬೇಕಾದ ನಿಯಮಗಳು, ಬಂದವು. 2005ರಲ್ಲಿ ಎಲ್ಲವನ್ನೂ ಸೇರಿಸಿ ವೃತ್ತಿ ಅರ್ಹತೆಗಳ ಮಾನ್ಯತೆಯ ಒಂದೇ ನಿರ್ದೇಶನ ಮಾಡಿದರು. ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್ ಬಲ್ಲವರ ಬಾಯಲ್ಲಿ ಅದು '2005/36'.

ವೈದ್ಯ ಶಿಕ್ಷಣವೆಂದರೆ ಕನಿಷ್ಠ 5 ವರ್ಷ, 5,500 ಗಂಟೆ. ದಂತವೈದ್ಯಕ್ಕೆ 5 ವರ್ಷ, 5,000 ಗಂಟೆ. ಸಾಮಾನ್ಯ ನರ್ಸಿಂಗ್‌ಗೆ 3 ವರ್ಷ, 4,600 ಗಂಟೆ, ಅದರಲ್ಲಿ ಕಡೇಪಕ್ಷ ಮೂರನೇ ಒಂದು ಭಾಗ ಪಾಠ, ಅರ್ಧದಷ್ಟಾದರೂ ರೋಗಿಗಳ ನಡುವೆ ಕಲಿಕೆ. ಇಷ್ಟಿದ್ದು, ಆಯಾ ದೇಶದ ಪದವಿಯ ಹೆಸರು ನಿರ್ದೇಶನದ ಅನುಬಂಧದಲ್ಲಿದ್ದರೆ ಉಳಿದ ದೇಶಗಳು ಮರುಪರೀಕ್ಷೆ ಮಾಡುವಂತಿಲ್ಲ, ಒಪ್ಪಲೇಬೇಕು. ವೈದ್ಯ, ನರ್ಸ್, ದಂತವೈದ್ಯ, ಸೂಲಗಿತ್ತಿ, ಔಷಧಶಾಸ್ತ್ರಜ್ಞ, ಪಶುವೈದ್ಯ, ವಾಸ್ತುಶಿಲ್ಪಿ, ಈ ಏಳು ವೃತ್ತಿಗಳಿಗೆ ಇಂಥ ನೇರ ಮಾನ್ಯತೆ ಸಿಗುತ್ತದೆ.

ಕಾಗದದ ಮೇಲೆ ಸೊಗಸಾದ ವ್ಯವಸ್ಥೆ. ಗಂಟೆ ಎಣಿಸುವುದು ಸುಲಭ, ಎಲ್ಲ ದೇಶದ ಮಂತ್ರಿಗಳೂ ಒಪ್ಪಬಲ್ಲ ಅಳತೆ ಅದು. ಆ ಗಂಟೆಗಳಲ್ಲಿ ಏನು ಕಲಿಸಿದರು, ಕಲಿತವರ ಕೈಯಲ್ಲಿ ಸಿರಿಂಜ್ ಎಷ್ಟು ಭದ್ರ, ರಾತ್ರಿ ಪಾಳಿಯಲ್ಲಿ ಅನುಮಾನ ಬಂದಾಗ ಹಿರಿಯರನ್ನು ಎಬ್ಬಿಸುವ ಧೈರ್ಯ ಇದೆಯೇ ಎಂಬುದನ್ನು ಅನುಬಂಧದಲ್ಲಿ ಬರೆಯಲಾಗುವುದಿಲ್ಲ. ಬರೆದರೂ ಇನ್ನೊಂದು ದೇಶದವರು ಬಂದು ತಪಾಸಣೆ ಮಾಡುವಂತಿಲ್ಲ.

ಕೇಂಬ್ರಿಡ್ಜ್‌ಶೈರ್ ಸಾವಿನ ನಂತರ 2013ರಲ್ಲಿ ನಿರ್ದೇಶನಕ್ಕೆ ತಿದ್ದುಪಡಿ ಬಂತು. ಪದವಿ ಮಾನ್ಯವಾದ ಮೇಲೂ, ಕೆಲಸಕ್ಕೆ ಇಳಿಯುವ ಮೊದಲು, ಭಾಷೆ ಪರೀಕ್ಷಿಸಬಹುದು ಎಂದು ಸ್ಪಷ್ಟವಾಯಿತು. ಬ್ರಿಟನ್ನಿನ ವೈದ್ಯ ಮಂಡಳಿಗೆ ಯುರೋಪಿನ ವೈದ್ಯರ ಇಂಗ್ಲಿಷ್ ಪರೀಕ್ಷಿಸುವ ಅಧಿಕಾರ ಸಿಕ್ಕಿದ್ದು 2014ರಲ್ಲಿ. ಅದಕ್ಕಿಂತ ದೊಡ್ಡ ಬದಲಾವಣೆ ಎಚ್ಚರಿಕೆ ವ್ಯವಸ್ಥೆ. ಯಾವುದೇ ದೇಶ ವೈದ್ಯ ಅಥವಾ ನರ್ಸ್ ಒಬ್ಬರ ವೃತ್ತಿಯನ್ನು ನಿಷೇಧಿಸಿದರೆ, ನಿರ್ಬಂಧಿಸಿದರೆ ಮೂರು ದಿನದೊಳಗೆ ಉಳಿದೆಲ್ಲ ದೇಶಗಳಿಗೆ ಕಂಪ್ಯೂಟರ್ ಜಾಲದ ಮೂಲಕ ತಿಳಿಸಬೇಕು. ಸುಳ್ಳು ಪದವಿಪತ್ರ ತಂದು ಸಿಕ್ಕಿಬಿದ್ದವರ ಹೆಸರೂ ಅದರಲ್ಲಿ ಹೋಗುತ್ತದೆ. 2016ರ ಜನವರಿಯಿಂದ ಇದು ಜಾರಿಯಲ್ಲಿದೆ. ಒಂದು ಊರಿನಲ್ಲಿ ಪರವಾನಗಿ ಕಳೆದುಕೊಂಡು ಇನ್ನೊಂದು ಊರಿನಲ್ಲಿ ಬೋರ್ಡ್ ಹಾಕಿಕೊಳ್ಳುವ ಹಳೆಯ ಆಟಕ್ಕೆ ಇದು ನಿಜವಾದ ತಡೆ.

ಯಾವ ದೇಶದ ದುರಂತದಿಂದ ಈ ವ್ಯವಸ್ಥೆಗೆ ಒತ್ತಡ ಹುಟ್ಟಿತೋ ಆ ಬ್ರಿಟನ್ ಬ್ರೆಕ್ಸಿಟ್ ಮಾಡಿಕೊಂಡು 2021ರ ಆರಂಭದಿಂದ ಅದೇ ಜಾಲದಿಂದ ಹೊರಗಿದೆ. ಗಡಿ ತಮ್ಮ ಕೈಗೆ ಬಂತೆಂದು ಸಂಭ್ರಮಿಸಿದವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ.

ಔಷಧಕ್ಕೆ ಕಾನೂನು, ಆರೈಕೆಗೆ ಶಿಫಾರಸು

ಹಾಗಾದರೆ ಸುರಕ್ಷತೆಗೂ ಒಂದು ಕಾನೂನು ಮಾಡಿಬಿಡಬಹುದಿತ್ತಲ್ಲ? ಆಗದು. ಯುರೋಪಿಯನ್ ಒಕ್ಕೂಟದ ಒಪ್ಪಂದದ 168ನೇ ವಿಧಿ ಅಡ್ಡ ಬರುತ್ತದೆ. ಆಸ್ಪತ್ರೆ ಹೇಗೆ ನಡೆಸಬೇಕು, ಹಣ ಹೇಗೆ ಹಂಚಬೇಕು, ಚಿಕಿತ್ಸೆ ಹೇಗೆ ಒದಗಿಸಬೇಕು ಎಂಬುದು ಆಯಾ ದೇಶದ ಹೊಣೆ. ಬ್ರಸೆಲ್ಸ್ ಪ್ರೋತ್ಸಾಹಿಸಬಹುದು, ಜೊತೆಗೂಡಿಸಬಹುದು, ಆಜ್ಞೆ ಮಾಡುವಂತಿಲ್ಲ.

ಆದರೆ ಮಾರುಕಟ್ಟೆಯಲ್ಲಿ ಓಡಾಡುವ ವಸ್ತುವಾದರೆ ಮಾತು ಬೇರೆ. ಫ್ರಾನ್ಸಿನ ಕಂಪನಿಯೊಂದು ಸ್ತನ ಕಸಿಯ ಚೀಲಗಳಲ್ಲಿ ವೈದ್ಯಕೀಯ ಬಳಕೆಗೆ ಒಪ್ಪಿಗೆಯಿಲ್ಲದ ಕೈಗಾರಿಕಾ ಸಿಲಿಕೋನ್ ತುಂಬುತ್ತಿದ್ದದ್ದು 2010ರಲ್ಲಿ ಬಯಲಾಯಿತು. ಅದರ ಬೆನ್ನಲ್ಲೇ ಹಳೆಯ ನಿಯಮದ ತೂತುಗಳು ಕಂಡು, 2017ರಲ್ಲಿ ಎಲ್ಲ ದೇಶಗಳಿಗೂ ನೇರವಾಗಿ ಅನ್ವಯಿಸುವ ವೈದ್ಯಕೀಯ ಉಪಕರಣಗಳ ಕಾಯ್ದೆ ಬಂತು, 2021ರ ಮೇ 26ರಿಂದ ಅನ್ವಯವಾಯಿತು. ಸ್ಟೆಂಟ್‌ಗೆ ಕಾನೂನಿದೆ, ಮಾತ್ರೆಗೆ ಕಾನೂನಿದೆ, ಸ್ಟೆಂಟ್ ಹಾಕುವವರ ಪದವಿಗೂ ಇದೆ. ಸ್ಟೆಂಟ್ ಹಾಕುವ ಮುಂಚೆ ಇದೇ ರೋಗಿಯೇ ಎಂದು ಹೆಸರು ಕೇಳಿ ಖಚಿತಪಡಿಸಿಕೊಳ್ಳುವ ಕ್ರಮಕ್ಕೆ ಇಲ್ಲ.

ಆ ಜಾಗದಲ್ಲಿ ಬಂದವು ಘೋಷಣೆಗಳು. 2005ರ ಏಪ್ರಿಲ್‌ನಲ್ಲಿ ಲಕ್ಸೆಂಬರ್ಗ್ ಘೋಷಣೆ. 2009ರ ಜೂನ್ 9ರಂದು ಒಕ್ಕೂಟದ ಸಚಿವರ ಮಂಡಳಿಯ ಶಿಫಾರಸು. ಆಸ್ಪತ್ರೆಗೆ ದಾಖಲಾಗುವ ನೂರರಲ್ಲಿ 8ರಿಂದ 12 ಮಂದಿಗೆ ಚಿಕಿತ್ಸೆಯಿಂದಲೇ ಏನಾದರೊಂದು ಹಾನಿಯಾಗುತ್ತದೆ ಎಂಬ ಅಂದಾಜನ್ನು ಆ ಶಿಫಾರಸೇ ಮುಂದಿಟ್ಟಿತು. ತಪ್ಪು ವರದಿ ಮಾಡುವ ವ್ಯವಸ್ಥೆ ಇರಲಿ, ವರದಿ ಮಾಡಿದವರನ್ನು ದಂಡಿಸುವುದು ಬೇಡ, ಸುರಕ್ಷತೆಯ ಪಾಠ ವೈದ್ಯರ, ನರ್ಸ್‌ಗಳ ತರಬೇತಿಯೊಳಗೆ ಸೇರಲಿ, ರೋಗಿಗಳಿಗೂ ತಿಳಿಸಿ ಎಂದು ಹೇಳಿತು. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಪಾಲಿಸದಿದ್ದರೆ ಏನು ಎಂಬ ಸಾಲು ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ.

2012ರಿಂದ 2016ರವರೆಗೆ ಫ್ರಾನ್ಸಿನ ಆರೋಗ್ಯ ಪ್ರಾಧಿಕಾರದ ಮುಂದಾಳತ್ವದಲ್ಲಿ 'ಪಾಸ್ಕ್' ಎಂಬ ಜಂಟಿ ಯೋಜನೆ ನಡೆಯಿತು. ಬೇರೆ ಬೇರೆ ದೇಶಗಳ ಆಸ್ಪತ್ರೆಗಳು ನಾಲ್ಕು ಕೆಲಸಗಳನ್ನು ಆರಿಸಿಕೊಂಡು ಜಾರಿಗೆ ತಂದವು. ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್, ರೋಗಿ ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನೂ ಆಸ್ಪತ್ರೆಯಲ್ಲಿ ಬರೆದವುಗಳನ್ನೂ ತಾಳೆ ನೋಡುವುದು, ಕೈ ಸ್ವಚ್ಛತೆ, ಮಕ್ಕಳ ಸ್ಥಿತಿ ಹದಗೆಡುತ್ತಿರುವುದನ್ನು ಅಂಕಗಳಿಂದ ಮೊದಲೇ ಗುರುತಿಸುವ ಪದ್ಧತಿ. ಯಾವುದಕ್ಕೂ ಕೋಟಿಗಟ್ಟಲೆ ಯಂತ್ರ ಬೇಕಿಲ್ಲ. ಚೆಕ್‌ಲಿಸ್ಟ್ ಎಂದಾಗ ಒಂದು ಮಾತು ನೆನಪಿಸಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಆ ಒಂದು ಪುಟದ ಪಟ್ಟಿಯನ್ನು ಮೊದಲು ಪರೀಕ್ಷಿಸಿದ ಎಂಟು ನಗರಗಳಲ್ಲಿ ಲಂಡನ್ ಜೊತೆ ನವದೆಹಲಿಯೂ ಇತ್ತು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ಪಟ್ಟಿಯ ಮೊದಲ ಪ್ರಶ್ನೆಗಳು ರೋಗಿ ಯಾರು, ಕೊಯ್ಯಬೇಕಾದ ಜಾಗ ಯಾವುದು, ಮಾಡುತ್ತಿರುವ ಆಪರೇಷನ್ ಯಾವುದು ಎಂಬಷ್ಟು ಸರಳ.

ಯೋಜನೆಯ ಹಣ ಮುಗಿಯಿತು, ಯೋಜನೆಯೂ ಮುಗಿಯಿತು. ಔಷಧಗಳಿಗೆ ಆಮ್‌ಸ್ಟರ್‌ಡ್ಯಾಂನಲ್ಲಿ ಒಕ್ಕೂಟದ ಸಂಸ್ಥೆ ಇದೆ, ಸಾಂಕ್ರಾಮಿಕ ರೋಗಗಳಿಗೆ ಸ್ಟಾಕ್‌ಹೋಮ್‌ನಲ್ಲಿ ಇದೆ. ರೋಗಿ ಸುರಕ್ಷತೆಗೆಂದೇ ಒಕ್ಕೂಟದ ಸಂಸ್ಥೆ ಇಲ್ಲ.

ಸಂಸ್ಥೆ ಇದ್ದರೆ ಏನಾಗುತ್ತದೆ ಎಂಬುದು ಸ್ಟಾಕ್‌ಹೋಮ್‌ನವರನ್ನು ನೋಡಿದರೆ ತಿಳಿಯುತ್ತದೆ. ಆಸ್ಪತ್ರೆಯಲ್ಲೇ ಅಂಟುವ ಸೋಂಕಿಗೆ ಅವರು ಎಲ್ಲ ದೇಶಗಳಿಗೂ ಒಂದೇ ಲಕ್ಷಣಪಟ್ಟಿ, ಒಂದೇ ನಮೂನೆ ಕೊಟ್ಟರು. ಇಂತಿಂಥ ದಿನ ನಿಮ್ಮ ವಾರ್ಡಿನಲ್ಲಿ ಎಷ್ಟು ರೋಗಿಗಳಿಗೆ ಸೋಂಕಿದೆ ಎಂದು ಎಣಿಸಿ ಎಂದರು. 2022–23ರ ಸಮೀಕ್ಷೆಯಲ್ಲಿ ಯಾವುದೇ ಒಂದು ದಿನ ಶೇ 7.1ರಷ್ಟು ರೋಗಿಗಳಿಗೆ ಇಂಥ ಸೋಂಕು ಇತ್ತು, ವರ್ಷಕ್ಕೆ ಸುಮಾರು 43 ಲಕ್ಷ ಜನ ಎಂದು ಅಂದಾಜಾಯಿತು. ಸಂಖ್ಯೆ ಸಂತೋಷದ್ದಲ್ಲ. ಆದರೆ ಅಲ್ಲಿ ಪೋರ್ಚುಗಲ್ ಮತ್ತು ಫಿನ್ಲೆಂಡ್ ಒಂದೇ ಅಳತೆಗೋಲಿನಲ್ಲಿ ನಿಲ್ಲುತ್ತವೆ. ತಪ್ಪು ಇಂಜೆಕ್ಷನ್, ತಪ್ಪಾದ ಮಗ್ಗುಲಿನ ಆಪರೇಷನ್, ಹಾಸಿಗೆಯಿಂದ ಬಿದ್ದ ವೃದ್ಧರು, ಇವುಗಳಿಗೆ ಅಂಥ ಅಳತೆಗೋಲು ಯುರೋಪಿನಲ್ಲಿ ಇಲ್ಲ.

ಮರಿಯಾ ಆಸ್ಪತ್ರೆಯ ಪಾಠ

1936ರಲ್ಲಿ ಸ್ಟಾಕ್‌ಹೋಮ್‌ನ ಮರಿಯಾ ಆಸ್ಪತ್ರೆಯಲ್ಲಿ ನಾಲ್ವರು ರೋಗಿಗಳು ಸತ್ತರು. ಜಾಗ ಮರಗಟ್ಟಿಸುವ ಔಷಧದ ಬದಲು ಪಾದರಸ ಬೆರೆತ ಸೋಂಕುನಿವಾರಕ ದ್ರವವನ್ನು ಚುಚ್ಚಲಾಗಿತ್ತು. ಮರುವರ್ಷವೇ ಸ್ವೀಡನ್ ಕಾನೂನು ಮಾಡಿತು: ಆರೈಕೆಯಿಂದ ಗಂಭೀರ ಹಾನಿಯಾದರೆ ಆಸ್ಪತ್ರೆಯೇ ಸರ್ಕಾರಕ್ಕೆ ತಿಳಿಸಬೇಕು. ಇಂದಿಗೂ ಆ ಕರ್ತವ್ಯವನ್ನು 'ಲೆಕ್ಸ್ ಮರಿಯಾ' ಎಂದೇ ಕರೆಯುತ್ತಾರೆ. 1975ರಿಂದ ಅಲ್ಲಿ ಹಾನಿಗೊಳಗಾದ ರೋಗಿ ಪರಿಹಾರಕ್ಕಾಗಿ ವೈದ್ಯರ ತಪ್ಪನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಾಗಿಲ್ಲದ ವಿಮೆಯೂ ಇದೆ.

ಡೆನ್ಮಾರ್ಕ್ 2004ರ ಜನವರಿ 1ರಿಂದ ಜಾರಿಗೆ ತಂದ ರೋಗಿ ಸುರಕ್ಷತಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ. ಆರೋಗ್ಯ ಸಿಬ್ಬಂದಿ ತಪ್ಪನ್ನು ವರದಿ ಮಾಡುವುದು ಕಡ್ಡಾಯ, ಆದರೆ ವರದಿ ಮಾಡಿದ್ದಕ್ಕಾಗಿ ಅವರ ಮೇಲೆ ಶಿಸ್ತುಕ್ರಮವಾಗಲಿ ಮೊಕದ್ದಮೆಯಾಗಲಿ ಆಗುವಂತಿಲ್ಲ. 2011ರಿಂದ ರೋಗಿಗಳೂ ಮನೆಯವರೂ ವರದಿ ಮಾಡಬಹುದು. ಇಟಲಿ ಇಂಥದ್ದೇ ಸಮತೋಲನಕ್ಕೆ 2017ರಲ್ಲಿ ಕಾನೂನು ಮಾಡಿತು, ಅದಕ್ಕೆ ಮುಂಚೆ ಅಲ್ಲಿನ ವೈದ್ಯರು ಮೊಕದ್ದಮೆಯ ಭಯದಲ್ಲಿ ಬೇಕಿಲ್ಲದ ಪರೀಕ್ಷೆಗಳನ್ನೆಲ್ಲ ಬರೆಯುತ್ತಿದ್ದಾರೆ ಎಂಬ ದೂರು ವ್ಯಾಪಕವಾಗಿತ್ತು. ಬೆಂಗಳೂರಿನ ಯಾವ ದೊಡ್ಡ ಆಸ್ಪತ್ರೆಯ ಬಿಲ್ ನೋಡಿದವರಿಗೂ ಈ ದೂರು ಹೊಸದೆನಿಸಲಿಕ್ಕಿಲ್ಲ.

ಇಲ್ಲಿ ಯುರೋಪಿನ ಸಹಕಾರದ ನಿಜವಾದ ತೊಡಕು ಕಾಣಿಸುತ್ತದೆ. ಡೆನ್ಮಾರ್ಕಿನಲ್ಲಿ ವರದಿಯಾಗುವ ಘಟನೆಗಳ ಸಂಖ್ಯೆ ದೊಡ್ಡದು. ವರದಿ ಮಾಡಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆಯಿರುವ ಕಡೆ ಸಂಖ್ಯೆ ಚಿಕ್ಕದಾಗಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದ ಪತ್ರಕರ್ತ ಡೆನ್ಮಾರ್ಕ್ ಅಪಾಯಕಾರಿ ಎಂದು ಬರೆದರೆ ಆಶ್ಚರ್ಯವಿಲ್ಲ. ಅಂಕಿ ಹಂಚಿಕೊಳ್ಳಲು ದೇಶಗಳು ಹಿಂಜರಿಯುವುದಕ್ಕೆ ಇದೊಂದು ಕಾರಣ. ಒಂದೇ ಘಟನೆಯನ್ನು ಒಂದು ದೇಶ ಕಲಿಕೆಯ ವಿಷಯವೆಂದೂ ಇನ್ನೊಂದು ದೇಶ ಅಪರಾಧವೆಂದೂ ನೋಡುವಾಗ ಇಬ್ಬರದೂ ಒಂದೇ ದಾಖಲೆ ಪುಸ್ತಕವಾಗುವುದು ಹೇಗೆ? 2008ರ ಪ್ರಕರಣದಲ್ಲೂ ಇದೇ ಆಯಿತು. ವ್ಯಕ್ತಿಗೆ ಶಿಕ್ಷೆಯಾಯಿತೇ ಎಂಬುದರ ಮೇಲೆ ಎರಡು ದೇಶಗಳ ಕಾನೂನು ತಿಕ್ಕಾಡಿತು.

ಸರ್ಕಾರಗಳು ಕಾಯುತ್ತ ಕೂತಾಗ ಒಂದು ವೃತ್ತಿಯವರು ತಾವೇ ಮುಂದೆ ಬಂದರು. ಅರಿವಳಿಕೆ ತಜ್ಞರು. 2010ರ ಜೂನ್‌ನಲ್ಲಿ ಹೆಲ್ಸಿಂಕಿಯಲ್ಲಿ ಯುರೋಪಿನ ಅರಿವಳಿಕೆ ತಜ್ಞರ ಸಂಘಟನೆಗಳು ಒಂದು ಘೋಷಣೆಗೆ ಸಹಿ ಹಾಕಿದವು. ಘೋಷಣೆ ಎಂದರೆ ದೊಡ್ಡ ಮಾತು ಎಂದುಕೊಂಡು ಓದಿದರೆ ಅದರಲ್ಲಿರುವುದು ತೀರಾ ಚಿಕ್ಕ ಚಿಕ್ಕ ಕೆಲಸಗಳು. ಉಪಕರಣ, ಔಷಧ ಪರೀಕ್ಷಿಸಲು ಲಿಖಿತ ಕ್ರಮ ಇರಬೇಕು. ಸಿರಿಂಜ್‌ಗೆ ಲೇಬಲ್ ಹಚ್ಚಬೇಕು. ಗಂಟಲಿಗೆ ನಳಿಕೆ ಹಾಕಲಾಗದಿದ್ದರೆ ಮುಂದೇನು ಎಂದು ಮೊದಲೇ ಬರೆದಿಟ್ಟಿರಬೇಕು. ಭಾರಿ ರಕ್ತಸ್ರಾವಕ್ಕೆ, ತೀವ್ರ ಅಲರ್ಜಿಗೆ ಕ್ರಮ ಇರಬೇಕು. ಪ್ರತಿ ವಿಭಾಗವೂ ವರ್ಷಕ್ಕೊಮ್ಮೆ ಸುರಕ್ಷತೆಯ ವರದಿ ತಯಾರಿಸಬೇಕು. ಆಪರೇಷನ್ ಥಿಯೇಟರಿನಲ್ಲಿ ಎರಡು ಸಿರಿಂಜ್‌ಗಳಲ್ಲಿ ಎರಡು ಬಣ್ಣವಿಲ್ಲದ ದ್ರವ ಪಕ್ಕಪಕ್ಕದಲ್ಲಿರುತ್ತದೆ, ಒಂದು ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುವಂಥದ್ದು, ಇನ್ನೊಂದು ಬರೀ ಉಪ್ಪುನೀರು. ಮರಿಯಾ ಆಸ್ಪತ್ರೆಯ ನಾಲ್ಕು ಸಾವುಗಳಿಂದ ಸಿರಿಂಜ್ ಲೇಬಲ್ಲಿನ ಒಮ್ಮತಕ್ಕೆ ಬರಲು ಖಂಡಕ್ಕೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ವಿಶೇಷ ತಜ್ಞರ ತರಬೇತಿಯಲ್ಲೂ ಇದೇ ಧಾಟಿ. 1958ರಲ್ಲಿ ಹುಟ್ಟಿದ 'ವೈದ್ಯ ತಜ್ಞರ ಯುರೋಪಿಯನ್ ಒಕ್ಕೂಟ' ಎಂಬ ವೃತ್ತಿ ಸಂಘಟನೆ ಒಂದೊಂದು ವಿಭಾಗಕ್ಕೂ ತರಬೇತಿಯ ಅಪೇಕ್ಷೆಗಳನ್ನು ಬರೆದು, ಯುರೋಪಿನ ಮಟ್ಟದ ಪರೀಕ್ಷೆಗಳನ್ನೂ ನಡೆಸುತ್ತದೆ. ಪಾಸಾದರೆ ಗೌರವ, ಹೆಸರು. ಕಾನೂನಿನ ಬಲ ಮಾತ್ರ ಇಲ್ಲ, ನೋಂದಣಿಗೆ ಬೇಕಾಗುವುದು ಆಯಾ ದೇಶದ ಪದವಿಯೇ.

ನಿದ್ದೆಯ ಕಾನೂನು

ಒಂದು ಕಡೆ ಯುರೋಪಿನ ಕಾನೂನು ಆಸ್ಪತ್ರೆಯ ಒಳಗೆ ಕಾಲಿಟ್ಟಿತು, ಅದೂ ಆರೋಗ್ಯದ ಬಾಗಿಲಿನಿಂದ ಅಲ್ಲ, ಕಾರ್ಮಿಕ ಕಾನೂನಿನ ಬಾಗಿಲಿನಿಂದ. ಕೆಲಸದ ಅವಧಿಯ ನಿರ್ದೇಶನದಂತೆ ಸರಾಸರಿ ವಾರಕ್ಕೆ 48 ಗಂಟೆ ಮಿತಿ. ಆಸ್ಪತ್ರೆಯಲ್ಲಿ ಆನ್‌ಕಾಲ್ ಇರುವ ವೈದ್ಯ ಕರೆ ಬಾರದೆ ನಿದ್ದೆ ಮಾಡಿದರೂ ಅದು ಕೆಲಸದ ಸಮಯವೇ ಎಂದು 2003ರಲ್ಲಿ, ಜರ್ಮನಿಯ ಕೀಲ್ ನಗರದ ವೈದ್ಯರೊಬ್ಬರ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಮೂವತ್ತಾರು ಗಂಟೆ ಎದ್ದಿರುವ ಕಿರಿಯ ವೈದ್ಯ ರೋಗಿಗೆ ಅಪಾಯ ಎಂಬುದನ್ನು ಒಪ್ಪಿಸಲು ರೋಗಿ ಸುರಕ್ಷತೆಯ ಶಿಫಾರಸು ಸಾಕಾಗಲಿಲ್ಲ, ಕಾರ್ಮಿಕನ ವಿಶ್ರಾಂತಿಯ ಹಕ್ಕು ಬೇಕಾಯಿತು.

ಶಸ್ತ್ರಚಿಕಿತ್ಸಕರಿಗೆ ಇದು ಸಮಾಧಾನ ತಂದಿಲ್ಲ. ಕೈ ಪಳಗಬೇಕಾದರೆ ಕೇಸು ಬೇಕು, ಕೇಸು ಬೇಕಾದರೆ ಗಂಟೆ ಬೇಕು ಎಂದು ಹಿರಿಯರು ವಾದಿಸುತ್ತಲೇ ಇದ್ದಾರೆ. ಪಾಳಿ ಚಿಕ್ಕದಾದಷ್ಟೂ ಹ್ಯಾಂಡೋವರ್ ಹೆಚ್ಚು, ಒಬ್ಬರಿಂದ ಒಬ್ಬರಿಗೆ ಮಾತು ದಾಟುವಾಗ ಏನಾದರೂ ಬಿಟ್ಟುಹೋಗುತ್ತದೆ. ಎರಡೂ ವಾದದಲ್ಲಿ ಹುರುಳಿದೆ. ನನಗನಿಸುವುದು, ಹ್ಯಾಂಡೋವರನ್ನು ಕಲಿಸಬಹುದು, ನಿದ್ದೆಗೆಟ್ಟ ಮಿದುಳಿಗೆ ಏನೂ ಕಲಿಸಲಾಗದು. ಆದರೆ ಈ ಮಿತಿ ನೌಕರರಿಗೆ. ವಾರಾಂತ್ಯಕ್ಕೆ ವಿಮಾನ ಹತ್ತಿ ಬಂದು ಗುತ್ತಿಗೆಯ ಮೇಲೆ ಪಾಳಿ ಮಾಡುವ ಸ್ವತಂತ್ರ ವೈದ್ಯನಿಗೆ ಅದು ಸುಲಭವಾಗಿ ಅನ್ವಯಿಸುವುದಿಲ್ಲ.

ಒಬ್ಬ ನರ್ಸ್, ಎಷ್ಟು ಹಾಸಿಗೆ?

ತರಬೇತಿಗೂ ಸುರಕ್ಷತೆಗೂ ನಿಜವಾಗಿ ಸಂಬಂಧ ಇದೆಯೇ ಎಂಬ ಪ್ರಶ್ನೆಗೆ ಯುರೋಪು ತಾನೇ ಕಂಡುಕೊಂಡ ಒಳ್ಳೆಯ ಉತ್ತರವೊಂದಿದೆ. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ, ಒಂಬತ್ತು ದೇಶಗಳ 300 ಆಸ್ಪತ್ರೆಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸಾ ರೋಗಿಗಳ ದಾಖಲೆ ನೋಡಿತು. ಒಬ್ಬ ನರ್ಸ್ ನೋಡಿಕೊಳ್ಳಬೇಕಾದ ರೋಗಿಗಳಲ್ಲಿ ಒಬ್ಬರು ಹೆಚ್ಚಾದರೆ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ. ಪದವಿ ಪಡೆದ ನರ್ಸ್‌ಗಳ ಪಾಲು ನೂರಕ್ಕೆ ಹತ್ತು ಹೆಚ್ಚಾದರೆ ಅದೇ ಸಂಭವ ಶೇ 7ರಷ್ಟು ಇಳಿಯುತ್ತದೆ. ಇದು ಸಂಬಂಧ, ನೇರ ಕಾರಣವೆಂದು ಸಾಬೀತಾದದ್ದಲ್ಲ ಎಂಬ ಎಚ್ಚರ ಬೇಕು. ಆದರೂ ದೇಶದಿಂದ ದೇಶಕ್ಕೆ ಇರುವ ಅಂತರ ನೋಡಿ: ನಾರ್ವೆಯಲ್ಲಿ ಒಬ್ಬ ನರ್ಸ್‌ಗೆ ಸರಾಸರಿ 5.2 ರೋಗಿಗಳು, ಸ್ಪೇನಿನಲ್ಲಿ 12.7. ಎರಡೂ ದೇಶಗಳಲ್ಲಿ ಎಲ್ಲ ನರ್ಸ್‌ಗಳೂ ಪದವೀಧರರು. ಎರಡೂ ಕಡೆ 4,600 ಗಂಟೆಯ ನಿಯಮ ಪಾಲನೆಯಾಗಿದೆ. ಪದವಿಗೆ ಕನಿಷ್ಠ ಮಟ್ಟ ಗೊತ್ತುಮಾಡಿದ ಯುರೋಪು ಆ ಪದವಿ ಹಿಡಿದವಳ ಪಾಲಿಗೆ ಎಷ್ಟು ಹಾಸಿಗೆ ಎಂಬುದರ ಬಗ್ಗೆ ಮಾತಾಡಿಲ್ಲ.

ಪದವಿಯ ವಿಷಯದಲ್ಲೂ ಜಗಳ ಕಡಿಮೆಯಿರಲಿಲ್ಲ. ನರ್ಸಿಂಗ್ ಸೇರಲು 12 ವರ್ಷದ ಶಾಲೆ ಆಗಿರಬೇಕು ಎಂದು ಯುರೋಪಿಯನ್ ಆಯೋಗ 2013ರ ತಿದ್ದುಪಡಿಗೆ ಮುನ್ನ ಪ್ರಸ್ತಾಪಿಸಿದಾಗ ಜರ್ಮನಿ ವಿರೋಧಿಸಿತು. ಅಲ್ಲಿ ಹತ್ತನೇ ತರಗತಿ ಮುಗಿಸಿ ಆಸ್ಪತ್ರೆಗೆ ಅಂಟಿದ ಶಾಲೆಯಲ್ಲಿ ನರ್ಸಿಂಗ್ ಕಲಿಯುವ ಪದ್ಧತಿ ಬೇರೂರಿದೆ. ಕೊನೆಗೆ 12 ವರ್ಷ ಅಥವಾ 10 ವರ್ಷ, ಎರಡೂ ಇರಲಿ ಎಂದು ರಾಜಿಯಾಯಿತು. ಇನ್ನೊಂದು ತುದಿಯಲ್ಲಿ ರೊಮೇನಿಯಾ. 2007ರಲ್ಲಿ ಒಕ್ಕೂಟ ಸೇರುವ ಮುಂಚೆ ಅಲ್ಲಿ ಕಲಿತ ನರ್ಸ್‌ಗಳ ತರಬೇತಿ ಕನಿಷ್ಠ ಮಟ್ಟಕ್ಕೆ ಸಾಲದೆಂದು ವಿಶೇಷ ಮರುತರಬೇತಿ ಬೇಕಾಯಿತು, ಅದನ್ನು ಮುಗಿಸಿದವರ ಪದವಿಗೆ ಮಾನ್ಯತೆ ಕೊಡುವ ಪ್ರತ್ಯೇಕ ನಿರ್ದೇಶನ ಬಂದದ್ದು 2024ರಲ್ಲಿ, ಹದಿನೇಳು ವರ್ಷ ತಡವಾಗಿ.

ಅದೇ 2024ರ ಮಾರ್ಚ್‌ನಲ್ಲಿ ನರ್ಸ್, ದಂತವೈದ್ಯ, ಔಷಧಶಾಸ್ತ್ರಜ್ಞರ ಕನಿಷ್ಠ ಪಠ್ಯವನ್ನೂ ಪರಿಷ್ಕರಿಸಿದರು. ದೇಶಗಳು ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಲು 2026ರ ಮಾರ್ಚ್ 4ರ ಗಡುವು ಕೊಟ್ಟರು. ವಿಷಯಪಟ್ಟಿಗೆ ಹೊಸ ಕಾಲದ ಜ್ಞಾನ ಸೇರಿದೆ, ಇದು ಒಳ್ಳೆಯದೇ. ಆದರೆ ಪಠ್ಯ ಓದಿಸುವವರು ಬೇಕಲ್ಲ. 2022ರ ಲೆಕ್ಕದಲ್ಲಿ ಒಕ್ಕೂಟಕ್ಕೆ ವೈದ್ಯರು, ನರ್ಸ್‌ಗಳು, ಸೂಲಗಿತ್ತಿಯರು ಸೇರಿ ಸುಮಾರು 12 ಲಕ್ಷ ಮಂದಿಯ ಕೊರತೆ ಎಂಬ ಅಂದಾಜಿದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ ಅದೇ ವರ್ಷ ಹೇಳಿದಂತೆ, ಮಾಹಿತಿ ಕೊಟ್ಟ 44 ದೇಶಗಳಲ್ಲಿ 13ರಲ್ಲಿ ನೂರಕ್ಕೆ 40ರಷ್ಟು ವೈದ್ಯರು 55 ದಾಟಿದವರು.

ಮಂಗಳೂರಿನಿಂದ ಹೊರಟವರು

ಈ ಕೊರತೆ ನಮ್ಮ ಮನೆ ಬಾಗಿಲಿಗೂ ಬರುತ್ತದೆ. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತವರು, ಕನ್ನಡಿಗರೂ ಇಲ್ಲಿಗೆ ಬಂದು ಓದಿದ ಮಲಯಾಳಿಗಳೂ, ಈಗ ಗಲ್ಫ್ ಜೊತೆಗೆ ಐರ್ಲೆಂಡ್, ಜರ್ಮನಿಯ ಕನಸನ್ನೂ ಕಾಣುತ್ತಾರೆ. ಬಿ1, ಬಿ2 ಎಂಬ ಮಟ್ಟಗಳ ಜರ್ಮನ್ ಭಾಷೆ ಕಲಿಸುವ ಬೋರ್ಡುಗಳು ಹೆಚ್ಚಿರುವುದು ಅದಕ್ಕೇ.

ಹೊರಗಿನವರಿಗೆ ನೇರ ಮಾನ್ಯತೆ ಇಲ್ಲ. ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷದ್ದಾದರೂ ಜರ್ಮನಿಯ ಪ್ರಾಧಿಕಾರ ಅಂಕಪಟ್ಟಿಯ ಗಂಟೆಗಳನ್ನು ತನ್ನ ಪಠ್ಯದ ಜೊತೆ ತಾಳೆ ನೋಡುತ್ತದೆ. ಜರ್ಮನಿಯ 4,600 ಗಂಟೆ ಎಂದರೆ 2,100 ಪಾಠ, 2,500 ಪ್ರಾಯೋಗಿಕ. ಎಲ್ಲಿ ಕಡಿಮೆ ಬಿತ್ತು ಎಂದು ಪತ್ರ ಬರುತ್ತದೆ. ಆಮೇಲೆ ಅಳವಡಿಕೆ ತರಬೇತಿ ಮುಗಿಸಬೇಕು ಅಥವಾ ಜ್ಞಾನ ಪರೀಕ್ಷೆ ಪಾಸಾಗಬೇಕು. ಅಲ್ಲಿವರೆಗೆ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ಜರ್ಮನಿಯಲ್ಲಿ ಮಾನ್ಯತೆ ಸಿಕ್ಕಿತೆಂದು ಮರುದಿನ ಆಸ್ಟ್ರಿಯಾಕ್ಕೆ ಹೋಗಲಾಗದು. ಹೊರಗಿನ ಪದವಿಯನ್ನು ಒಂದು ದೇಶ ಒಪ್ಪಿದ ಮೇಲೆ, ಅಲ್ಲೇ ಮೂರು ವರ್ಷ ದುಡಿದ ನಂತರವೇ ಒಕ್ಕೂಟದ ಉಳಿದ ದೇಶಗಳ ಮಾನ್ಯತೆಯ ನಿಯಮದೊಳಗೆ ಅದು ಬರುತ್ತದೆ. ಏಜೆಂಟರು ಈ ಮಾತನ್ನು ಹೇಳುವುದು ಅಪರೂಪ.

ಕೆಲಸದ ರೀತಿಯೂ ಬೇರೆ. ನಮ್ಮ ವಾರ್ಡುಗಳಲ್ಲಿ ರೋಗಿಗೆ ಊಟ ಮಾಡಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು ಬಹುಪಾಲು ಜೊತೆಗಿರುವ ಮನೆಯವರು ಅಥವಾ ಆಯಾಗಳ ಪಾಲು. ನರ್ಸ್ ಎಂದರೆ ಡ್ರಿಪ್, ಇಂಜೆಕ್ಷನ್, ಚಾರ್ಟ್. ಜರ್ಮನಿಯಲ್ಲಿ ಆ ಮೈ ಒರೆಸುವ ಕೆಲಸವೇ ನರ್ಸಿಂಗ್‌ನ ತಿರುಳು. ಬೆನ್ನು ತೊಳೆಯುವಾಗಲೇ ಹಾಸಿಗೆ ಹುಣ್ಣಿನ ಮೊದಲ ಕೆಂಪು ಕಾಣುವುದು, ಚಮಚ ಬಾಯಿಗಿಡುವಾಗಲೇ ನುಂಗಲಾಗುತ್ತಿಲ್ಲ ಎಂದು ಗೊತ್ತಾಗುವುದು ಎಂಬುದು ಅಲ್ಲಿನ ಪಾಠ. ಇಲ್ಲಿ ಐಸಿಯು ನೋಡಿಕೊಂಡವಳಿಗೆ ಅದು ಹಿಂಬಡ್ತಿ ಅನ್ನಿಸುವುದೂ ಸಹಜ. ಇದರ ಜೊತೆಗೆ, 'ಸರ್, ಈ ಡೋಸ್ ಸರಿಯೇ?' ಎಂದು ದೊಡ್ಡ ಡಾಕ್ಟರನ್ನು ಎಲ್ಲರೆದುರು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆದಿಲ್ಲ. ಎರಡನೇ ಭಾಷೆಯಲ್ಲಿ, ಹೊಸ ದೇಶದಲ್ಲಿ, ವೀಸಾ ಕೆಲಸಕ್ಕೆ ಅಂಟಿಕೊಂಡಿರುವಾಗ ಕೇಳುವುದು ಇನ್ನೂ ಕಷ್ಟ. ಬಿ2 ಪರೀಕ್ಷೆ ವ್ಯಾಕರಣ, ಓದು, ಮಾತು ಅಳೆಯುತ್ತದೆ. ಈ ಧೈರ್ಯವನ್ನು ಅಳೆಯುವುದಿಲ್ಲ.

ರೋಗಿಗಳ ಓಡಾಟದ ಕತೆ ಇದಕ್ಕಿಂತ ಸರಳ. ಬೇರೆ ದೇಶದಲ್ಲಿ ಚಿಕಿತ್ಸೆ ಪಡೆದು ತಮ್ಮ ದೇಶದಿಂದ ಹಣ ಪಡೆಯುವ ಹಕ್ಕನ್ನು 2011ರ ನಿರ್ದೇಶನ ಗಟ್ಟಿಮಾಡಿತು. ಅದರ ಅಡಿಯಲ್ಲಿ 2017ರ ಮಾರ್ಚ್‌ನಲ್ಲಿ ಅಪರೂಪದ ಕಾಯಿಲೆಗಳಿಗಾಗಿ 24 ತಜ್ಞ ಜಾಲಗಳು ಆರಂಭವಾದವು, 300ಕ್ಕೂ ಹೆಚ್ಚು ಆಸ್ಪತ್ರೆಗಳ 900ಕ್ಕೂ ಹೆಚ್ಚು ಘಟಕಗಳು. ಮಗುವಿನ ಸ್ಕ್ಯಾನ್ ಪ್ರಯಾಣ ಮಾಡುತ್ತದೆ, ಮಗು ಮನೆಯಲ್ಲೇ ಇರುತ್ತದೆ. ದೇಶಗಳು ಅಧಿಕಾರ ಬಿಟ್ಟುಕೊಡದೆ ಅನುಭವ ಹಂಚಿಕೊಳ್ಳಬಹುದು ಎಂಬುದಕ್ಕೆ ಇದು ಪುರಾವೆ. ಅಪರೂಪದ ಕಾಯಿಲೆಯಲ್ಲಿ ಯಾರ ಮೇಲೂ ತಪ್ಪು ಹೊರಿಸುವ ಪ್ರಶ್ನೆ ಇಲ್ಲ, ಅದಕ್ಕೇ ಹಂಚಿಕೆ ಸಲೀಸು.

ಎಚ್ಚರಿಕೆ ವ್ಯವಸ್ಥೆಯ ಒಂದು ಮಿತಿ ನಮಗೇ ಸಂಬಂಧಿಸಿದ್ದು. ಲಿಸ್ಬನ್ನಿನಲ್ಲಿ ನಿಷೇಧವಾದವರ ಹೆಸರು ಮೂರು ದಿನದಲ್ಲಿ ವಾರ್ಸಾಗೆ ತಲುಪಬೇಕು, ಆದರೆ ಭಾರತ ಆ ಜಾಲದಲ್ಲಿಲ್ಲ. ಇಲ್ಲಿಂದ ಹೋಗುವ ವೈದ್ಯರು, ನರ್ಸ್‌ಗಳಿಂದ ಯುರೋಪಿನ ಮಂಡಳಿಗಳು ಕೇಳುವುದು ತಮ್ಮ ರಾಜ್ಯದ ವೈದ್ಯಕೀಯ ಅಥವಾ ನರ್ಸಿಂಗ್ ಮಂಡಳಿ ಕೊಟ್ಟ ಸನ್ನಡತೆಯ ಪತ್ರ. ಅದು ಕೊಟ್ಟ ದಿನದ ಮಟ್ಟಿಗೆ ಮಾತ್ರ ನಿಜ. ಅರ್ಜಿ ಹಾಕಿದ ಮೇಲೆ ಇಲ್ಲಿ ನೋಂದಣಿ ರದ್ದಾದರೆ ಅಲ್ಲಿಗೆ ತಾನಾಗಿ ಸುದ್ದಿ ಹೋಗುವುದಿಲ್ಲ. ಅಲ್ಲಿ ಒಬ್ಬರ ಮೇಲೆ ಕ್ರಮವಾಗಿ ಅವರು ಊರಿಗೆ ಮರಳಿ ಇಲ್ಲಿ ಕೆಲಸ ಹಿಡಿದರೆ ಇಲ್ಲಿನ ಮಂಡಳಿಗೆ ಆ ಜಾಲದಿಂದ ಎಚ್ಚರಿಕೆ ಬರುವುದಿಲ್ಲ.